ಮಿರಜಿನ ತಂಬೂರಿ ಮತ್ತು ಸಿತಾರ್ ತಯಾರಿಕೆ

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮಿರಜ್ ಪಟ್ಟಣದಲ್ಲಿ 19ನೆಯ ಶತಮಾನದ ನಡುಭಾಗದಿಂದ ನಡೆದುಬಂದಿರುವ ತಂತಿವಾದ್ಯಗಳ ಕೈಕಸುಬು. ತಂಬೂರಿ (ತಾನ್‌ಪುರ) ಮತ್ತು ಸಿತಾರ್ ಇಲ್ಲಿನ ಮುಖ್ಯ ವಾದ್ಯಗಳು. ಸುರ್‌ಬಹಾರ್, ದಿಲ್‌ರುಬಾ, ರುದ್ರವೀಣೆಗಳನ್ನೂ ಬೇಡಿಕೆ ಬಂದಾಗ ಮಾಡಿಕೊಡುತ್ತಾರೆ. ಧಾರವಾಡ, ಹುಬ್ಬಳ್ಳಿ, ಗದಗ, ಬೆಳಗಾವಿಯ ಹಿಂದುಸ್ತಾನಿ ಗಾಯಕರಿಗೆ ತಂಬೂರಿ ಎಂದರೆ ಮಿರಜಿನದು. ವಾದ್ಯವನ್ನು ಕಟ್ಟುವ ಕೆಲಸ, ಅದನ್ನು ಹಾಡುವವರ ದನಿಗೆ ಹೊಂದಿಸುವ ಕೆಲಸ, ಆಮೇಲೆ ವರ್ಷಗಟ್ಟಲೆ ಅದರ ದುರಸ್ತಿ ನೋಡಿಕೊಳ್ಳುವ ಕೆಲಸ ಇಲ್ಲಿ ಒಂದೇ ಮನೆಯವರ ಕೈಯಲ್ಲಿ ಉಳಿದಿವೆ. ಮಿರಜಿಗೆ ಹೆಸರು ತಂದದ್ದರಲ್ಲಿ ಮೊದಲನೆಯದಕ್ಕಿಂತ ಉಳಿದೆರಡರ ಪಾಲು ದೊಡ್ಡದು.

ಹುಟ್ಟು

ಈ ಕಸುಬಿನ ಮೂಲಪುರುಷ ಫರೀದ್‌ಸಾಹೇಬ್ ಎಂದು ಮಿರಜಿನ ಕುಶಲಕರ್ಮಿ ಮನೆತನಗಳು ಹೇಳುತ್ತವೆ. ಆತನ ಮನೆತನದವರು ಶಿಕಲಗಾರರು, ಅಂದರೆ ಕತ್ತಿ, ಭರ್ಚಿಗಳನ್ನು ಸಾಣೆ ಹಿಡಿದು ಹೊಳಪು ಕೊಡುವವರು. ಬ್ರಿಟಿಷರ ಹಿಡಿತ ಬಿಗಿಯಾದಂತೆ ದಖ್ಖಣದ ಸಣ್ಣ ಸಂಸ್ಥಾನಗಳಲ್ಲಿ ಆಯುಧದ ಕೆಲಸ ಬತ್ತತೊಡಗಿತು. 1857ರ ನಿಶ್ಶಸ್ತ್ರೀಕರಣ ಕಾಯ್ದೆ ಅದನ್ನು ಇನ್ನಷ್ಟು ಒಣಗಿಸಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ದಂಗೆ ಎದ್ದದ್ದು ಇದೇ ಕಾಯ್ದೆಯ ವಿರುದ್ಧ. ಹಲಗಲಿಯಲ್ಲಿ ಅದು ರಕ್ತಪಾತದಲ್ಲಿ ಮುಗಿಯಿತು. ಮಿರಜಿನ ಶಿಕಲಗಾರರು ಅದಕ್ಕೂ ಸ್ವಲ್ಪ ಮುಂಚೆಯೇ ಬೇರೆ ದಾರಿ ಹಿಡಿದಿದ್ದರು. ಊರಿಗೆ ಬರುತ್ತಿದ್ದ ಗಾಯಕರ, ವಾದಕರ ಮುರಿದ ವಾದ್ಯಗಳನ್ನು ರಿಪೇರಿ ಮಾಡುತ್ತ ಅವುಗಳ ಒಳಮರ್ಮ ತಿಳಿದುಕೊಂಡ ಅವರು ಮುಂದೆ ತಾವೇ ಹೊಸ ವಾದ್ಯ ಕಟ್ಟಲು ತೊಡಗಿದರು. ದುರಸ್ತಿಯಿಂದ ಹುಟ್ಟಿದ ಕಸುಬು ಎಂಬುದನ್ನು ಗಮನಿಸಬೇಕು: ವಾದ್ಯ ಎಲ್ಲಿ ಸೋಲುತ್ತದೆ ಎಂಬುದನ್ನು ಮೊದಲು ಕಂಡು, ಆಮೇಲೆ ಕಟ್ಟಲು ಕಲಿತವರು ಇವರು. ಕ್ರಮೇಣ ಸಿತಾರ್‌ಮೇಕರ್ ಎಂಬುದೇ ಮನೆತನದ ಅಡ್ಡಹೆಸರಾಯಿತು.

ಬೇಡಿಕೆಗೆ ಕಾರಣ ಹಲವು. ಮಿರಜಿನ ಪಟವರ್ಧನ ಅರಸರು ಸಂಗೀತಪ್ರಿಯರು. ಗ್ವಾಲಿಯರ್ ಗಾಯನವನ್ನು ಮಹಾರಾಷ್ಟ್ರಕ್ಕೆ ತಂದ ಬಾಲಕೃಷ್ಣಬುವಾ ಇಚಲಕರಂಜೀಕರ ಅವರ ಆಶ್ರಯದಲ್ಲಿದ್ದರು. ವಿಷ್ಣು ದಿಗಂಬರ ಪಲುಸ್ಕರ್ ಈ ಬಾಲಕೃಷ್ಣಬುವಾ ಬಳಿ ಕಲಿತದ್ದು ಮಿರಜಿನಲ್ಲಿಯೇ. ಪಕ್ಕದ ಸಾಂಗ್ಲಿಯಲ್ಲಿ 1843ರಲ್ಲಿ ವಿಷ್ಣುದಾಸ ಭಾವೆ ‘ಸೀತಾ ಸ್ವಯಂವರ’ ಆಡಿಸಿ ಮರಾಠಿ ರಂಗಭೂಮಿಗೆ ನಾಂದಿ ಹಾಡಿದರು. ಅದಕ್ಕೆ ಪ್ರೇರಣೆ ಉತ್ತರ ಕನ್ನಡದ ಕರ್ಕಿಯಿಂದ ಸಾಂಗ್ಲಿಗೆ ಬಂದು ಆಡಿದ್ದ ಭಾಗವತರ ಮೇಳ. ಮುಂದೆ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನ ಅಣ್ಣಾಸಾಹೇಬ ಕಿರ್ಲೋಸ್ಕರರ ‘ಸಂಗೀತ ಶಾಕುಂತಲ’ (1880) ಹಾಡುನಾಟಕದ ಗಾಳಿ ಬೀಸಿತು. ನಾಟಕ ಕಂಪನಿಗಳು ಊರೂರು ತಿರುಗಿದಂತೆ ಶ್ರುತಿವಾದ್ಯದ ಅಗತ್ಯವೂ ಊರೂರಿಗೆ ಹಬ್ಬಿತು. ಪುಣೆ, ಕೊಲ್ಲಾಪುರ, ಬೆಳಗಾವಿ–ಹುಬ್ಬಳ್ಳಿ ದಾರಿಗಳು ಕೂಡುವ ರೈಲ್ವೆ ಜಂಕ್ಷನ್ ಮಿರಜ್ ಆದಮೇಲೆ ಗಾಯಕರು ಇಲ್ಲಿ ಇಳಿಯುವುದು, ತಂಬೂರಿ ತೋರಿಸಿ ಮುಂದೆ ಹೋಗುವುದು ಸುಲಭವಾಯಿತು.

ಅಬ್ದುಲ್ ಕರೀಮ್ ಖಾನ್ ಮತ್ತು ಶ್ರುತಿಯ ಹುಡುಕಾಟ

ಈ ಕಸುಬಿನ ಇತಿಹಾಸವನ್ನು ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಮ್ ಖಾನರಿಂದ (1872–1937) ಬೇರ್ಪಡಿಸಿ ಹೇಳಲಾಗದು. ಉತ್ತರದ ಕೈರಾನಾದಲ್ಲಿ ಹುಟ್ಟಿದ ಅವರು ಮಿರಜಿನಲ್ಲಿ ನೆಲೆಸಿದರು. ಮಗಳು ಹೀರಾಬಾಯಿ ಬಡೋದೇಕರ್ ಹುಟ್ಟಿದ್ದು 1905ರಲ್ಲಿ ಇದೇ ಊರಿನಲ್ಲಿ. ಮೈಸೂರು ಆಸ್ಥಾನಕ್ಕೆ ಹೋಗಿಬರುವ ದಾರಿಯಲ್ಲಿ ಧಾರವಾಡದ ಸೀಮೆ ಅವರ ತಂಗುದಾಣ. ಕುಂದಗೋಳದ ರಾಮಭಾವು, ಮುಂದೆ ಸವಾಯಿ ಗಂಧರ್ವ ಎಂದು ಹೆಸರಾದವರು, ಅವರ ಶಿಷ್ಯ. ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್ಲ ಮತ್ತು ಭೀಮಸೇನ ಜೋಶಿ. ಹೀಗೆ ಮಿರಜಿನ ತಂಬೂರಿ ಕನ್ನಡ ನೆಲಕ್ಕೆ ಬಂದದ್ದು ಅಂಗಡಿಯ ಮೂಲಕವಷ್ಟೇ ಅಲ್ಲ, ಗುರುಪರಂಪರೆಯ ಮೂಲಕವೂ ಹೌದು.

ಖಾನ್‌ಸಾಹೇಬರು ವಾದ್ಯ ರಿಪೇರಿಯಲ್ಲಿ ಸ್ವತಃ ನುರಿತವರು. ತಂಬೂರಿಯ ಜವಾರಿ, ಅಂದರೆ ತಂತಿಯ ನಾದ ತುಂಬಿ ಅರಳುವ ಹದ, ತೆಗೆಯುವುದರಲ್ಲಿ ಅವರ ಕೈ ಪ್ರಸಿದ್ಧ. ಒಂದೊಂದು ಸ್ವರದಲ್ಲಿ ನಿಂತು ಅದನ್ನು ಬೆಳಗಿಸುವ ಕಿರಾಣಾ ಶೈಲಿಗೆ ತಂಬೂರಿ ಹಿನ್ನೆಲೆಯ ಸದ್ದಾಗಿ ಉಳಿದರೆ ಸಾಲದು, ಗಾಯನದ ನೆಲಗಟ್ಟೇ ಆಗಬೇಕು. ಅಂಥ ಗಿರಾಕಿ ಊರಲ್ಲೇ ಇದ್ದಾಗ ಕಸುಬುದಾರರ ಕಿವಿಯೂ ಹರಿತವಾಗಲೇಬೇಕಲ್ಲವೇ.

ಇದೇ ಕಾಲಕ್ಕೆ ಸಾಂಗ್ಲಿಯಲ್ಲಿ ನಿವೃತ್ತ ಡೆಪ್ಯುಟಿ ಕಲೆಕ್ಟರ್ ಕೃಷ್ಣಾಜಿ ಬಲ್ಲಾಳ ದೇವಲ್ 22 ಶ್ರುತಿಗಳನ್ನು ಅಳೆಯುವ ಪ್ರಯತ್ನದಲ್ಲಿದ್ದರು. 1910ರಲ್ಲಿ ಅವರ ಪುಸ್ತಕ ಹೊರಬಂತು. ಸಾತಾರೆಯ ಜಿಲ್ಲಾ ನ್ಯಾಯಾಧೀಶ ಇ. ಕ್ಲೆಮೆಂಟ್ಸ್ ಜೊತೆಗೂಡಿದರು. ಸ್ವರಸ್ಥಾನಗಳನ್ನು ಹಾಡಿ ತೋರಿಸಿದವರು ಅಬ್ದುಲ್ ಕರೀಮ್ ಖಾನ್. ಈ ಲೆಕ್ಕದ ಮೇಲೆ ಲಂಡನ್ನಿನ ಮೂರ್ ಅಂಡ್ ಮೂರ್ ಕಂಪನಿಯಿಂದ ಒಂದು ಶ್ರುತಿ ಹಾರ್ಮೋನಿಯಂ ಮಾಡಿಸಿದರು. 1916ರ ಬರೋಡಾ ಸಂಗೀತ ಸಮ್ಮೇಳನದಲ್ಲಿ ಅದು ಚರ್ಚೆಗೆ ಬಂತು; ವಿದ್ವಾಂಸರು ಒಪ್ಪಲಿಲ್ಲ, ವಾದ್ಯ ಬಳಕೆಗೂ ಬರಲಿಲ್ಲ. ಹಾಡುವವರ ದನಿಗೆ ತಕ್ಕಂತೆ ಬಾಗದ ವಾದ್ಯ, ಎಷ್ಟೇ ಸೂಕ್ಷ್ಮವಾಗಿ ಲೆಕ್ಕ ಹಾಕಿದ್ದರೂ, ಹಿಂದುಸ್ತಾನಿ ಗಾಯನದಲ್ಲಿ ತಂಬೂರಿಯ ಜಾಗ ಹಿಡಿಯಲಾರದು ಎಂಬುದು ಅಲ್ಲಿ ಸ್ಪಷ್ಟವಾಯಿತು. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನು ನಿಷೇಧಿಸಿದಾಗಲೂ ವಾದ ಇದೇ ಆಗಿತ್ತು; ಆ ನಿಷೇಧ ಸಡಿಲವಾದದ್ದು 1971ರಲ್ಲಿ.

ಖಾನ್‌ಸಾಹೇಬರು 1937ರ ಅಕ್ಟೋಬರಿನಲ್ಲಿ ಮದರಾಸಿನ ದಕ್ಷಿಣಕ್ಕಿರುವ ಸಿಂಗಪೆರುಮಾಳ್ ಕೋಯಿಲ್ ರೈಲು ನಿಲ್ದಾಣದಲ್ಲಿ ತೀರಿಕೊಂಡರು. ಸಮಾಧಿ ಮಿರಜಿನ ಮೀರಾಸಾಹೇಬರ ದರ್ಗಾದಲ್ಲಿದೆ. ಅಲ್ಲಿನ ಉರುಸಿನಲ್ಲಿ ಅವರ ನೆನಪಿಗೆ ವರ್ಷವರ್ಷವೂ ಸಂಗೀತ ಸಭೆ ನಡೆಯುತ್ತದೆ.

ಸಾಮಗ್ರಿ ಮತ್ತು ಕಟ್ಟುವ ಬಗೆ

ತಂಬೂರಿಯ ಬುರುಡೆಗೆ ಬೇಕಾದ ದಪ್ಪ ಸಿಪ್ಪೆಯ ಕಹಿ ಕಾಯಿ ಬರುವುದು ಸೊಲ್ಲಾಪುರ ಜಿಲ್ಲೆಯ ಪಂಢರಪುರ, ಮಂಗಳವೇಢೆ ಸೀಮೆಯಿಂದ. ಬಸವಣ್ಣನವರು ಬಿಜ್ಜಳನ ಸೇವೆಯಲ್ಲಿದ್ದ ಮಂಗಳವಾಡವೇ ಈ ಮಂಗಳವೇಢೆ. ಭೀಮಾ ತೀರದ ಹೊಲಗಳಲ್ಲಿ ಬೆಳೆದ ಈ ಕಾಯಿಯ ಉಪಯೋಗ ವಾದ್ಯಕ್ಕೇ ಹೊರತು ಊಟಕ್ಕಲ್ಲ. ಬಳ್ಳಿಯಲ್ಲೇ ಬಲಿತು ಒಣಗಿದ ಕಾಯಿಯನ್ನು ಗಾತ್ರ, ಗುಂಡು, ಸಿಪ್ಪೆಯ ದಪ್ಪ ನೋಡಿ ಆರಿಸುತ್ತಾರೆ. ಮೇಲ್ಭಾಗ ಕೊಯ್ದು, ನೀರಲ್ಲಿ ನೆನೆಹಾಕಿ, ಒಳಗಿನ ತಿರುಳು ಬಳಿದು, ಬಾಯಿ ಅಗಲವಾಗಲೆಂದು ಕಡ್ಡಿಗಳನ್ನು ಅಡ್ಡ ಕೊಟ್ಟು ಮತ್ತೆ ಒಣಗಿಸುತ್ತಾರೆ.

ಮರ ಹೆಚ್ಚಾಗಿ ತುನ್. ಕನ್ನಡದಲ್ಲಿ ಇದನ್ನು ಗಂಧಗರಿಗೆ ಎನ್ನುತ್ತಾರೆ. ಮಿರಜಿಗೆ ಇದು ಬರುವುದು ಕರ್ನಾಟಕದ ಕಾಡುಗಳಿಂದ. ಕೆಂಪು ಛಾಯೆಯ, ಹಗುರವಾದ, ಚೆನ್ನಾಗಿ ಆರಿದರೆ ಸೊಟ್ಟಗಾಗದ ಮರ. ಬುರುಡೆಯ ಬಾಯಿಗೆ ಮುಚ್ಚುವ ತೆಳು ಹಲಗೆ ತಬಲಿ, ಬುರುಡೆಗೂ ದಂಡಿಗೂ ನಡುವಿನ ಬೆಸುಗೆ ಗಳ, ಅದರ ಮೇಲೆ ಉದ್ದಕ್ಕೆ ದಂಡಿ. ಗಳದ ಸಂದು ಕಾಣದಂತೆ ಎಲೆಯಾಕಾರದ ಕೆತ್ತನೆಯ ಪಟ್ಟಿಗಳನ್ನು ಕೂಡಿಸುತ್ತಾರೆ. ಇದು ಅಂದಕ್ಕೂ ಹೌದು, ಸಂದು ಬಿಗಿಯಾಗಿರಲಿಕ್ಕೂ ಹೌದು. ಹಿಂದೆ ಅಂಚುಗಳ ಅಲಂಕಾರಕ್ಕೆ ಆನೆದಂತವನ್ನೂ ಕುದುರೆಗೆ, ಅಂದರೆ ತಂತಿಗಳು ಹಾಯುವ ಸೇತುವೆಗೆ, ಜಿಂಕೆಕೊಂಬನ್ನೂ ಬಳಸುತ್ತಿದ್ದರು. ವನ್ಯಜೀವಿ ಕಾಯ್ದೆ ಬಂದಮೇಲೆ ಮೂಳೆ, ಪ್ಲಾಸ್ಟಿಕ್, ಕರಿಮರಗಳು ಆ ಜಾಗಕ್ಕೆ ಬಂದವು. ಕೊನೆಗೆ ಅರಗಿನ ಪಾಲಿಶ್.

ತಂಜಾವೂರಿನ ತಂಬೂರಿಯ ಕೊಡ ಹಲಸಿನ ಮರದಲ್ಲಿ ಕೊರೆದದ್ದು, ಬುರುಡೆಯದಲ್ಲ. ಕರ್ನಾಟಕ ಸಂಗೀತದವರಿಗೂ ಹಿಂದುಸ್ತಾನಿಯವರಿಗೂ ತಂಬೂರಿಯ ನಾದ ಬೇರೆ ಕೇಳಿಸುವುದಕ್ಕೆ ಇದೂ ಒಂದು ಕಾರಣ.

ದನಿಗೆ ಹೊಂದಿಸುವುದು

ಗಾಲ್ಫ್ ಆಡುವವರ ಎತ್ತರ, ಕೈಯಳತೆ, ಬೀಸಿನ ವೇಗ ನೋಡಿ ಕೋಲಿನ ಉದ್ದ, ಓರೆ, ಬಾಗುವಿಕೆ ನಿರ್ಧರಿಸುವ ತಜ್ಞರು ಇಂದು ಬೆಂಗಳೂರಿನಂಥ ನಗರಗಳಲ್ಲಿದ್ದಾರೆ. ಮಿರಜಿನ ಕುಶಲಕರ್ಮಿ ತಲೆಮಾರುಗಳಿಂದ ಮಾಡುತ್ತಿರುವುದು ಅದೇ ಜಾತಿಯ ಕೆಲಸ, ಆದರೆ ಅವರ ಅಳತೆಗೋಲು ಕಿವಿ.

ಮೊದಲ ಪ್ರಶ್ನೆ: ಹಾಡುವವರ ಷಡ್ಜ ಯಾವುದು? ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಕಪ್ಪು ಒಂದು, ಕಪ್ಪು ಎರಡು ಎಂದರೆ ಸಾಮಾನ್ಯವಾಗಿ ಗಂಡಸರ ದನಿ. ಕಪ್ಪು ನಾಲ್ಕು, ಕಪ್ಪು ಐದು ಎಂದರೆ ಹೆಂಗಸರದು. ತಗ್ಗಿನ ಶ್ರುತಿಗೆ ದೊಡ್ಡ ಬುರುಡೆ, ಉದ್ದ ದಂಡಿ, ದಪ್ಪ ತಂತಿ. ಮೇಲಿನ ಶ್ರುತಿಗೆ ಎಲ್ಲವೂ ಒಂದಳತೆ ಕಡಿಮೆ. ವಾದಕರ ಜೊತೆಗೆ ನುಡಿಸಲು ಇನ್ನೂ ಚಿಕ್ಕದಾದ ತಂಬೂರಿಯೂ ಉಂಟು. ತಂತಿಗಳು ನಾಲ್ಕು: ಮೊದಲನೆಯದು ಪಂಚಮಕ್ಕೆ, ರಾಗಕ್ಕೆ ಬೇಕಾದರೆ ಮಧ್ಯಮಕ್ಕೆ ಅಥವಾ ನಿಷಾದಕ್ಕೆ, ನಡುವಿನ ಎರಡು ಜೋಡಿಷಡ್ಜ, ಕೊನೆಯದು ಖರ್ಜ. ಸಾಮಾನ್ಯವಾಗಿ ಮೊದಲ ಮೂರು ಉಕ್ಕಿನವು, ಖರ್ಜದ್ದು ಹಿತ್ತಾಳೆಯದು. ಕಚೇರಿಯಲ್ಲಿ ಗಾಯಕರ ಹಿಂದೆ ಎರಡು ತಂಬೂರಿ ಕೂರುವುದರಿಂದ ಅನೇಕರು ಜೋಡಿಯನ್ನೇ ಮಾಡಿಸುತ್ತಾರೆ. ಒಂದೇ ಗಾತ್ರದ, ಒಂದೇ ಹದದ ಎರಡು ಬುರುಡೆಗಳನ್ನು ಹುಡುಕುವುದು ಇಡೀ ಕೆಲಸದಲ್ಲಿ ಕಷ್ಟದ ಭಾಗ.

ಕೊನೆಯದು, ಎಲ್ಲಕ್ಕಿಂತ ದೊಡ್ಡದು, ಜವಾರಿ. ತಂಬೂರಿಯ ಕುದುರೆ ಪಿಟೀಲಿನದರಂತೆ ಚೂಪಲ್ಲ. ಅಗಲವಾಗಿ, ಕಣ್ಣಿಗೆ ಕಾಣದಷ್ಟು ಉಬ್ಬಿರುತ್ತದೆ. ತಂತಿ ಅದನ್ನು ಸವರಿಕೊಂಡು ಹೋಗುವಾಗ ಮೂಲಸ್ವರದ ಜೊತೆಗೆ ಮೇಲಿನ ಸ್ವರಾಂಶಗಳ ಸಾಲೇ ಎದ್ದುಬರುತ್ತದೆ. ತಂತಿಯ ಕೆಳಗೆ ಸೇರಿಸುವ ಹತ್ತಿಯ ನೂಲಿಗೆ ಜೀವ ಎಂದು ಹೆಸರು. ಅದನ್ನು ಒಂದೆಳೆ ಹಿಂದೆಮುಂದೆ ಸರಿಸಿದರೆ ನಾದ ಮುಚ್ಚುತ್ತದೆ ಇಲ್ಲವೆ ಅರಳುತ್ತದೆ. ಸಿ.ವಿ. ರಾಮನ್ 1921ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನು ಭೌತಶಾಸ್ತ್ರದ ವಿಷಯವನ್ನಾಗಿ ಎತ್ತಿಕೊಂಡರು. ಯಂಗ್–ಹೆಲ್ಮ್‌ಹೋಲ್ಟ್ಸ್ ನಿಯಮದಂತೆ, ತಂತಿಯನ್ನು ಮೀಟಿದ ಜಾಗದಲ್ಲಿ ಯಾವ ಸ್ವರಾಂಶದ ನಿಶ್ಚಲ ಬಿಂದು ಇರುತ್ತದೋ ಆ ಸ್ವರಾಂಶ ಕೇಳಿಸಬಾರದು. ತಂಬೂರಿ ಮತ್ತು ವೀಣೆಗಳಲ್ಲಿ ಅದೂ ಕೇಳಿಸುತ್ತದೆ, ಕುದುರೆಯ ಆಕಾರವೇ ಅದಕ್ಕೆ ಕಾರಣ ಎಂದು ಅವರು ತೋರಿಸಿದರು. ಅರದಿಂದ ಕುದುರೆಯನ್ನು ಉಜ್ಜಿ, ತಂತಿ ಏರಿಸಿ, ಕೇಳಿ, ತಂತಿ ಇಳಿಸಿ, ಮತ್ತೆ ಉಜ್ಜುವ ಈ ಕೆಲಸ ಪಳಗಲು ವರ್ಷಗಳು ಬೇಕು. ತೆರೆದ ಜವಾರಿ ಬೇಕೆನ್ನುವವರಿದ್ದಾರೆ, ಗುಂಡನೆಯ ಮುಚ್ಚಿದ ಜವಾರಿ ಬೇಕೆನ್ನುವವರಿದ್ದಾರೆ. ಅದು ಕೇಳುವವರ ಅಭಿರುಚಿ, ದನಿಯ ಗುಣ ಎರಡನ್ನೂ ಅವಲಂಬಿಸಿದೆ. ಎಲ್ಲರಿಗೂ ಒಪ್ಪುವ ಒಂದು ಜವಾರಿ ಇಲ್ಲ.

ಭರವಸೆ, ದುರಸ್ತಿ, ಕಾನೂನು

ತಂತಿ ತೀಡಿ ತೀಡಿ ಕುದುರೆಯ ಮೇಲೆ ಗೀರು ಬೀಳುತ್ತದೆ, ಆಗ ಜವಾರಿ ಹೋಗುತ್ತದೆ. ಇದು ತಯಾರಿಕೆಯ ದೋಷವಲ್ಲ, ಬಳಕೆಯ ಸವೆತ. ಮರ ಸರಿಯಾಗಿ ಆರಿರದಿದ್ದರೆ ದಂಡಿ ಬಾಗುತ್ತದೆ, ತಬಲಿ ಕುಸಿಯುತ್ತದೆ, ಇದು ದೋಷ. ಬುರುಡೆ ಬಿರಿಯುವುದಕ್ಕೆ ಹೆಚ್ಚಾಗಿ ಕಾರಣ ಸಾಗಾಟದ ಪೆಟ್ಟು. ಕಾರ್ಖಾನೆಯ ಸರಕಿಗೆ ಕೊಡುವ ಮುದ್ರಿತ ವಾರಂಟಿ ಈ ಮೂರನ್ನೂ ಬೇರೆಬೇರೆ ಮಾಡಿ ಮೊದಲನೆಯದನ್ನೂ ಮೂರನೆಯದನ್ನೂ ಹೊರಗಿಡುತ್ತದೆ. ಕೈಕಸುಬಿನ ನಂಟಿನಲ್ಲಿ ಈ ವಿಂಗಡಣೆ ಅಷ್ಟು ಬಿಗಿಯಲ್ಲ. ಜವಾರಿ ಹೋದ ತಂಬೂರಿಯನ್ನು ಕಟ್ಟಿದವರ ಬಳಿಗೇ ಒಯ್ಯುತ್ತಾರೆ. ಅಜ್ಜ ಮಾಡಿದ ವಾದ್ಯವನ್ನು ಮೊಮ್ಮಗ ಬಿಚ್ಚಿ ಕಟ್ಟಿಕೊಡುವುದು ಇಲ್ಲಿ ರೂಢಿ. ಅವಧಿ ಬರೆದಿರದ ಭರವಸೆ ಇದು. ಕಾಗದದ ವಾರಂಟಿಗಿಂತ ಇದು ದೊಡ್ಡದು, ಆದರೆ ಆ ಮನೆಯಲ್ಲಿ ಮುಂದಿನ ತಲೆಮಾರು ಕಸುಬಿಗೆ ಬಂದರೆ ಮಾತ್ರ ಅದಕ್ಕೆ ಬೆಲೆ.

ಆ ತಲೆಮಾರಿನ ಮುಂದೆ ಹೊಸ ಸವಾಲೂ ಇದೆ. 1979ರಲ್ಲಿ ಬೆಂಗಳೂರಿನ ಜಿ. ರಾಜ್‌ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿ ರೂಪಿಸಿದರು. ಅವರ ರಾಡೆಲ್ ಕಂಪನಿ ಅದನ್ನು ಮನೆಮನೆಗೆ ಮುಟ್ಟಿಸಿತು. ಈಗ ಮೊಬೈಲ್ ಫೋನಿನಲ್ಲೇ ಶ್ರುತಿ ಸಿಗುತ್ತದೆ. ಅಭ್ಯಾಸಕ್ಕೆ ಇವು ದೊಡ್ಡ ಉಪಕಾರ ಮಾಡಿವೆ, ವಿಶೇಷವಾಗಿ ತಂಬೂರಿ ಕೊಳ್ಳಲಾಗದ ವಿದ್ಯಾರ್ಥಿಗಳಿಗೆ. ಆದರೆ ಹೊಸಬರು ತಂಬೂರಿ ಕೂಡಿಸಲು ಕಲಿಯದೇ ಮುಂದೆ ಹೋಗುವುದು, ಆ ಮೂಲಕ ಒಳ್ಳೆಯ ಜವಾರಿಯನ್ನು ಗುರುತಿಸುವ ಕಿವಿಯೇ ಬೆಳೆಯದಿರುವುದು ನಷ್ಟವೇ. ಗುರುತಿಸುವ ಗಿರಾಕಿ ಇಲ್ಲದಿದ್ದರೆ ಕುಶಲಕರ್ಮಿಯ ಶ್ರಮಕ್ಕೆ ತಕ್ಕ ಬೆಲೆ ಸಿಗದು. ವಿಮಾನದಲ್ಲಿ ಒಯ್ಯಲು ಅನುಕೂಲವಾಗಲೆಂದು ಬುರುಡೆಯಿಲ್ಲದ ಪೆಟ್ಟಿಗೆ ತಂಬೂರಿ, ಗಟ್ಟಿ ಫೈಬರ್ ಪೆಟ್ಟಿಗೆಗಳನ್ನು ಮಿರಜಿನವರೂ ಅಳವಡಿಸಿಕೊಂಡಿದ್ದಾರೆ.

2021ರಲ್ಲಿ ಸಲ್ಲಿಸಿದ ಅರ್ಜಿಗಳ ಮೇಲೆ 2024ರ ಮಾರ್ಚ್ ಕೊನೆಯಲ್ಲಿ ಮಿರಜ್ ಸಿತಾರ್ ಮತ್ತು ಮಿರಜ್ ತಾನ್‌ಪುರಗಳಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆಯಿತು. ಸಿತಾರಿನ ನೋಂದಣಿ ಮಿರಜ್ ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ಸ್ ಕ್ಲಸ್ಟರ್ ಹೆಸರಿನಲ್ಲಿದೆ. ತಾನ್‌ಪುರದ್ದು ಸೋಲ್‌ಟ್ಯೂನ್ ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ ಪ್ರೊಡ್ಯೂಸರ್ ಸಂಸ್ಥೆಯ ಹೆಸರಿನಲ್ಲಿ. ಆಗಿನ ಸುದ್ದಿವರದಿಗಳ ಪ್ರಕಾರ 450ಕ್ಕೂ ಹೆಚ್ಚು ಜನ ಈ ಕಸುಬಿನಲ್ಲಿದ್ದರು. ಕ್ಲಸ್ಟರಿನಲ್ಲಿ ತಿಂಗಳಿಗೆ 60–70 ಸಿತಾರ್, ಸುಮಾರು 100 ತಂಬೂರಿ ತಯಾರಾಗುತ್ತಿದ್ದವು. ಬೇರೆಡೆ ಮಾಡಿದ ವಾದ್ಯವನ್ನು ಮಿರಜಿನದೆಂದು ಮಾರುವುದನ್ನು ತಡೆಯಲು ಈ ಮಾನ್ಯತೆ ಆಧಾರವಾಗುತ್ತದೆ. 1999ರ ಭೌಗೋಳಿಕ ಸೂಚ್ಯಂಕ ಕಾಯ್ದೆಯಂತೆ ನೋಂದಣಿ 10 ವರ್ಷಗಳದು, ನವೀಕರಿಸಬಹುದು; ಆ ಹೆಸರನ್ನು ಬಳಸುವ ಹಕ್ಕಿಗಾಗಿ ಪ್ರತಿ ತಯಾರಕರೂ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು. ವಾದ್ಯ ಎಲ್ಲಿಯದು ಎಂಬುದನ್ನು ಈ ಮುದ್ರೆ ಹೇಳುತ್ತದೆ. ಅದರ ಜವಾರಿ ಕೊಳ್ಳುವವರ ದನಿಗೆ ಕೂಡಿದೆಯೇ ಎಂಬುದನ್ನು ಇಂದಿಗೂ ಅಂಗಡಿಯಲ್ಲಿ ಕೂತು, ಷಡ್ಜ ಹಿಡಿದು, ಹಾಡಿಯೇ ನೋಡಬೇಕು.