ಎರಡು ಎಂಬಿಯಲ್ಲಿ ಹಿಡಿಸಿದ ನರಕ

1993ರ ಡಿಸೆಂಬರ್ 10ರಂದು ಅಮೆರಿಕದ ಇಡ್ ಸಾಫ್ಟ್‌ವೇರ್ ಎಂಬ ಸಣ್ಣ ತಂಡ ‘ಡೂಮ್’ ಆಟವನ್ನು ಹೊರತಂದಿತು. ಕೈಯಲ್ಲಿ ಬಂದೂಕು, ಎದುರಿಗೆ ನರಕದ ರಾಕ್ಷಸರು. ಇಂದು ಮೊಬೈಲಿನಲ್ಲಿ ನೀವು ನೋಡುವ ಬಂದೂಕಿನ ಆಟಗಳಿಗೆಲ್ಲ ಇದು ಅಜ್ಜ ಇದ್ದಂತೆ.

ಆದರೆ ಅದನ್ನು ಆಡಲು 4 ಎಂಬಿ ರ‍್ಯಾಮ್ ಇರುವ ಕಂಪ್ಯೂಟರ್ ಬೇಕಿತ್ತು. ಆಗ ಅದು ದುಬಾರಿ ಬಾಬತ್ತು. ಬಹಳಷ್ಟು ಮಕ್ಕಳ ಮನೆಯಲ್ಲಿ ಇದ್ದದ್ದು ಟಿವಿಗೆ ಸಿಕ್ಕಿಸಿ ಆಡುವ ಸೂಪರ್ ನಿಂಟೆಂಡೊ ಪೆಟ್ಟಿಗೆ. ಅದರ ರ‍್ಯಾಮ್ ಬರೀ 128 ಕೆಬಿ. ಮೂವತ್ತೆರಡು ಸೇರು ಅಕ್ಕಿ ಬೇಕಾದ ಕಡೆ ಒಂದೇ ಸೇರು ಇದ್ದ ಹಾಗೆ.

ಇದು ಆಗದ ಕೆಲಸ ಎಂದೇ ಅನ್ನಿಸುತ್ತಿತ್ತು. ರ‍್ಯಾಂಡಿ ಲಿಂಡನ್ ಎಂಬ ಪ್ರೋಗ್ರಾಮರ್ ಮಾತ್ರ ಕೈಹಾಕಿದರು. ಡೂಮ್‌ನ ಮೂಲ ಕೋಡ್ ಅವರ ಬಳಿ ಇರಲಿಲ್ಲ. ಆಟದ ಫೈಲುಗಳು ಹೇಗಿವೆ ಎಂದು ಅಭಿಮಾನಿಗಳು ಬರೆದಿಟ್ಟ ಟಿಪ್ಪಣಿಗಳನ್ನು ನೋಡಿಕೊಂಡು, ಆಟವನ್ನು ಓಡಿಸುವ ಎಂಜಿನ್ನನ್ನು ತಾವೇ ಹೊಸದಾಗಿ ಬರೆದರು. ಪೆಟ್ಟಿಗೆಯ ಶಕ್ತಿ ಸಾಲದೆಂದು ಕಾರ್ಟ್ರಿಜ್ ಒಳಗೇ ‘ಸೂಪರ್ ಎಫ್‌ಎಕ್ಸ್ 2’ ಎಂಬ ಇನ್ನೊಂದು ಚಿಪ್ ಕೂರಿಸಲಾಯಿತು. 1995ರಲ್ಲಿ ಆಟ ಅಂಗಡಿಗೆ ಬಂತು.

ಕಾರ್ಟ್ರಿಜ್‌ನಲ್ಲಿದ್ದ ಜಾಗ 2 ಎಂಬಿ. ಹಾಗಾಗಿ ಕತ್ತರಿ ಆಡಿಸಲೇಬೇಕಾಯಿತು. ನೆಲ ಮತ್ತು ಚಾವಣಿಯ ಚಿತ್ತಾರ ಹೋಗಿ ಬರೀ ಬಣ್ಣ ಉಳಿಯಿತು. 27 ಹಂತಗಳಲ್ಲಿ 22 ಉಳಿದವು. ರಾಕ್ಷಸರ ಬೆನ್ನು, ಪಕ್ಕದ ಚಿತ್ರಗಳನ್ನು ತೆಗೆದರು. ಹೀಗಾಗಿ ಎಲ್ಲ ರಾಕ್ಷಸರೂ ಸದಾ ನಿಮ್ಮನ್ನೇ ದಿಟ್ಟಿಸುತ್ತಿದ್ದರು. ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿ ಜಗಳ ಹಚ್ಚುವ ಮೂಲ ಆಟದ ಮಜವೂ ಹೋಯಿತು. ಆಡಿದ್ದನ್ನು ಸೇವ್ ಮಾಡುವ ಹಾಗಿರಲಿಲ್ಲ. ಅಮ್ಮ ಬಂದು ಸ್ವಿಚ್ ಆರಿಸಿದರೆ ಮತ್ತೆ ಮೊದಲಿಂದ.

ಆದರೆ ಲಿಂಡನ್ ಒಂದನ್ನು ಬಿಟ್ಟುಕೊಡಲಿಲ್ಲ. ಅದು ನಕ್ಷೆ. ಉಳಿದ ಹಂತಗಳ ಓಣಿ, ಮೆಟ್ಟಿಲು, ಕೋಣೆಗಳೆಲ್ಲ ಬಹುಮಟ್ಟಿಗೆ ಕಂಪ್ಯೂಟರಿನಲ್ಲಿ ಇದ್ದ ಹಾಗೆಯೇ ಬಂದವು. ಇದಕ್ಕಿಂತ ಬಲಿಷ್ಠವಾಗಿದ್ದ ಅಟಾರಿ ಜಾಗ್ವಾರ್ ಯಂತ್ರಕ್ಕೆ ಇಡ್ ತಂಡದ ಜಾನ್ ಕಾರ್ಮ್ಯಾಕ್ ಅವರೇ 1994ರಲ್ಲಿ ಡೂಮ್ ಒಗ್ಗಿಸಿದ್ದರು. ಅಲ್ಲಿ ಚಿತ್ರ ಚೆಂದ, ಓಟ ಸಲೀಸು. ಆದರೆ ನಕ್ಷೆಗಳನ್ನು ಸರಳ ಮಾಡಿದ್ದರು, ಆಡುವಾಗ ಸಂಗೀತವೇ ಇರಲಿಲ್ಲ. ಸದ್ದು ನೋಡಿಕೊಳ್ಳಬೇಕಿದ್ದ ಚಿಪ್ಪನ್ನು ಆಟದ ಲೆಕ್ಕಾಚಾರಕ್ಕೂ ದುಡಿಸಿಕೊಂಡಿದ್ದರು.

ಯಾವುದು ಸರಿ? ಸೂಪರ್ ನಿಂಟೆಂಡೊ ಡೂಮ್ ಮಸುಕು, ನಿಧಾನ. ಆದರೂ ಕಂಪ್ಯೂಟರ್ ಕೊಳ್ಳಲಾಗದ ಎಷ್ಟೋ ಮಕ್ಕಳಿಗೆ ಅದೇ ಡೂಮ್. ಬಡತನದಲ್ಲಿ ಏನನ್ನು ಬಿಡಬೇಕು ಅನ್ನುವುದಕ್ಕಿಂತ ಏನನ್ನು ಬಿಡಬಾರದು ಅನ್ನುವುದೇ ಕಷ್ಟದ ಲೆಕ್ಕ. ಲಿಂಡನ್ ಅಲಂಕಾರ ಬಿಟ್ಟು ದಾರಿಯನ್ನು ಉಳಿಸಿದರು.

2020ರಲ್ಲಿ ಅವರು ಆ ಕೋಡನ್ನು ಎಲ್ಲರಿಗೂ ಓದಲು ತೆರೆದಿಟ್ಟರು. 2024ರಲ್ಲಿ ಅದೇ ಹಳೆಯ ಪೆಟ್ಟಿಗೆಗೆ ಡೂಮ್‌ನ ಹೊಸ ಕಾರ್ಟ್ರಿಜ್ ಘೋಷಣೆಯಾಯಿತು. ಕೈಬಿಟ್ಟಿದ್ದ ಹಂತಗಳನ್ನು ಮತ್ತೆ ಸೇರಿಸುವ ಕೆಲಸಕ್ಕೆ ಕೂತವರು ಬೇರೆ ಯಾರೂ ಅಲ್ಲ, ಲಿಂಡನ್ ಅವರೇ.