ಮಾದರಿ ತೆಗೆಯುವ ಕೈ

ವೈದ್ಯಶಾಸ್ತ್ರದ ಇತಿಹಾಸದಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವರ ಹೆಸರು ಉಳಿಯುತ್ತದೆ. ಅದರ ಕೆಳಗಿನ ಗಾಜಿಗೆ ಮಾದರಿ ಕೊಟ್ಟವರನ್ನು ನೆನೆಯುವವರು ಕಡಮೆ. ಗರ್ಭಕೋಶದ ಕೊರಳಿನ ಕ್ಯಾನ್ಸರಿನ ಕಥೆಯನ್ನು ಓದುವಾಗಲೆಲ್ಲ ನನಗೆ ಹೀಗೆನಿಸಿದೆ.

ಗ್ರೀಸಿನಿಂದ ಬಂದು ನ್ಯೂಯಾರ್ಕಿನಲ್ಲಿ ನೆಲೆಸಿದ ಡಾ. ಜಾರ್ಜ್ ಪಪಾನಿಕೊಲಾವು, ಯೋನಿಸ್ರಾವದಲ್ಲಿ ಉದುರಿಬಂದ ಜೀವಕೋಶಗಳಿಂದಲೇ ಈ ರೋಗವನ್ನು ಗುರುತಿಸಬಹುದೆಂದು 1928ರಲ್ಲಿ ಸಾರಿದರು. ಆಗ ಕಿವಿಗೊಟ್ಟವರು ವಿರಳ. 1941ರಲ್ಲಿ ಹರ್ಬರ್ಟ್ ಟ್ರೌಟರೊಡನೆ ಪ್ರಬಂಧ ಪ್ರಕಟಿಸಿದ ಮೇಲೆಯೇ ‘ಪ್ಯಾಪ್’ ಪರೀಕ್ಷೆಗೆ ಮನ್ನಣೆ ದೊರೆತದ್ದು. ಈ ಸಂಶೋಧನೆಗಾಗಿ ವರ್ಷಗಟ್ಟಲೆ ತಮ್ಮದೇ ಮಾದರಿಯನ್ನು ಒದಗಿಸಿದವರು ಅವರ ಪತ್ನಿ ಮೇರಿ.

ಪರೀಕ್ಷೆ ಕ್ರಮವಾಗಿ ನಡೆದ ದೇಶಗಳಲ್ಲಿ ಸಾವು ಇಳಿಯಿತು. ಆದರೆ ಅದಕ್ಕೊಂದು ಕಟ್ಟಳೆಯಿತ್ತು: ಹೆಂಗಸು ಆಸ್ಪತ್ರೆಗೆ ಬರಬೇಕು, ಮತ್ತೊಬ್ಬರ ಕೈಗೆ ಮೈಯೊಪ್ಪಿಸಬೇಕು. ಬಾರದವರನ್ನು ಅಜ್ಞಾನಿಗಳೆಂದು ಬಿಡುವುದು ಸುಲಭ. ಸಂಕೋಚ, ನೋವಿನ ಭಯ, ಒಂದು ದಿನದ ಕೂಲಿಯ ನಷ್ಟ — ಇವೆಲ್ಲ ಅಜ್ಞಾನವೆ? ನಾನಂತೂ ಒಪ್ಪಲಾರೆ. 1960ರ ದಶಕದಲ್ಲಿಯೇ ಅಮೆರಿಕದಲ್ಲಿ ಹೆಂಗಸರು ಮನೆಯಲ್ಲೇ ಮಾದರಿ ತೆಗೆದು ಅಂಚೆಯಲ್ಲಿ ಕಳುಹಿಸುವ ಪ್ರಯೋಗ ನಡೆದಿತ್ತು. ಆದರೆ ಕೊರಳಿನ ಜೀವಕೋಶಗಳೇ ಸರಿಯಾಗಿ ಬಾರದಿದ್ದರೆ ನೋಡುವುದೇನನ್ನು?

ದಾರಿ ತೆರೆದವರು ಜರ್ಮನಿಯ ಹೆರಾಲ್ಡ್ ತ್ಸೂರ್ ಹೌಸನ್. 1983ರಲ್ಲಿ ಅವರ ತಂಡ ಈ ಕ್ಯಾನ್ಸರಿನಲ್ಲಿ ಹ್ಯೂಮನ್ ಪ್ಯಾಪಿಲೋಮಾ ವೈರಸ್ಸಿನ 16ನೆಯ ಬಗೆಯನ್ನು ಕಂಡುಹಿಡಿಯಿತು. 2008ರಲ್ಲಿ ಅವರಿಗೆ ನೊಬೆಲ್ ಬಂತು. ಇದರಿಂದ ಹುಡುಕಬೇಕಾದ ವಸ್ತುವೇ ಬದಲಾಯಿತು. ವೈರಸ್ಸಿನ ಡಿಎನ್‌ಎ ಯೋನಿದ್ರವದಲ್ಲೂ ಸಿಗುತ್ತದೆ. ಅತ್ಯಲ್ಪವಿದ್ದರೂ ಪಿಸಿಆರ್ ವಿಧಾನ ಅದನ್ನು ಹಲವು ಪಟ್ಟು ಹೆಚ್ಚಿಸಿ ತೋರಿಸುತ್ತದೆ. ಹೀಗಾಗಿ ಹೆಂಗಸು ಮರೆಯಲ್ಲಿ ನಿಂತು, ಮೆತ್ತನೆಯ ತುದಿಯ ಕಡ್ಡಿಯಿಂದ ತಾನೇ ತೆಗೆದ ಮಾದರಿ ವೈದ್ಯರು ತೆಗೆದದ್ದಕ್ಕೆ ಹೆಚ್ಚುಕಡಮೆ ಸರಿಸಮವಾಯಿತು.

ಈ ವೈರಸ್ ಪರೀಕ್ಷೆಯ ಬೆಲೆಯನ್ನು ಲೋಕಕ್ಕೆ ತೋರಿದ್ದು ನಮ್ಮ ನೆರೆಯ ಮಹಾರಾಷ್ಟ್ರದ ಉಸ್ಮಾನಾಬಾದ್, ಈಗಿನ ಧಾರಾಶಿವ ಜಿಲ್ಲೆ. ಅಲ್ಲಿನ 1,31,000ಕ್ಕೂ ಹೆಚ್ಚು ಹಳ್ಳಿಯ ಹೆಂಗಸರ ಅಧ್ಯಯನದ ಫಲ 2009ರಲ್ಲಿ ಪ್ರಕಟವಾಯಿತು. ಅಲ್ಲಿ ಮಾದರಿ ತೆಗೆದವರು ಆರೋಗ್ಯ ಕಾರ್ಯಕರ್ತರು. ಒಂದೇ ಬಾರಿಯ ಪರೀಕ್ಷೆಯಿಂದ ಈ ರೋಗದ ಸಾವು ಸುಮಾರು ಅರ್ಧಕ್ಕಿಳಿಯಿತು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸ್ವಯಂ ತೆಗೆದ ಮಾದರಿಯನ್ನೂ ಒಪ್ಪಿತು. 2022ರ ಜುಲೈನಿಂದ ಆಸ್ಟ್ರೇಲಿಯ ತನ್ನ ಪರೀಕ್ಷಾ ಯೋಜನೆಗೆ ಬರುವ ಎಲ್ಲ ಹೆಂಗಸರಿಗೂ ಈ ಆಯ್ಕೆಯನ್ನು ಕೊಟ್ಟಿತು.

ಆದರೂ ವಾಚಕರು ಒಂದು ಮಾತನ್ನು ಮರೆಯಬಾರದು. ವೈರಸ್ ಕಂಡಿತೆಂದರೆ ಕ್ಯಾನ್ಸರ್ ಬಂತೆಂದಲ್ಲ. ಹೆಚ್ಚಿನವರಲ್ಲಿ ಅದು ತಾನಾಗಿಯೇ ಮಾಯವಾಗುತ್ತದೆ. ಉಳಿದವರನ್ನು ಮತ್ತೆ ಪರೀಕ್ಷಿಸಿ, ಬೇಕಾದರೆ ಚಿಕಿತ್ಸೆ ಕೊಡಬೇಕು. ಹೆಂಗಸಿನ ಕೈಗೆ ಕಡ್ಡಿ ಕೊಟ್ಟ ಮಾತ್ರಕ್ಕೆ ಆಸ್ಪತ್ರೆ ಕೈತೊಳೆದುಕೊಳ್ಳುವಂತಿಲ್ಲ.