ಲೀಡ್ಸಿನ ಸಿಪಾಯಿ ಜೋಗೇಂದ್ರನಾಥ ಸೇನ್

ಹೂಗ್ಲಿ ನದಿಯ ದಂಡೆಯ ಚಂದನನಗರದಲ್ಲಿ ಫ್ರೆಂಚರ ಕಾಲದ ದೊಡ್ಡ ಬಂಗಲೆಯೊಂದು ಈಗ ವಸ್ತುಸಂಗ್ರಹಾಲಯವಾಗಿದೆ. ಅಲ್ಲಿ ಒಡೆದುಹೋದ ಒಂದು ಕನ್ನಡಕವನ್ನು ಜೋಪಾನವಾಗಿ ಇಟ್ಟಿದ್ದಾರೆ. ಅದರ ಮೇಲೆ ರಕ್ತದ ಕಲೆ ಇದೆ. 2005ರಲ್ಲಿ ವಿದ್ವಾಂಸ ಸಾಂತನು ದಾಸ್ ಅದನ್ನು ಕಂಡ ಮೇಲೆಯೇ ಜೋಗೇಂದ್ರನಾಥ ಸೇನನ ಕಥೆ ಹೊರಜಗತ್ತಿಗೆ ತಿಳಿಯತೊಡಗಿದ್ದು.

ವಿದ್ಯುತ್ ಇಲಾಖೆಯಲ್ಲೇ ಸರ್ವೀಸು ಮುಗಿಸಿದ ನನಗೆ ಈ ತರುಣ ನಮ್ಮ ಪೈಕಿಯವನು ಅನ್ನಿಸುತ್ತಾನೆ. ಶಿವನಸಮುದ್ರದ ಕರೆಂಟು ಬೆಂಗಳೂರಿನ ಬೀದಿದೀಪ ಬೆಳಗಿದ್ದು 1905ರಲ್ಲಿ. ಇನ್ನೂ ಅಷ್ಟು ಹೊಸದಾಗಿದ್ದ ಆ ವಿದ್ಯೆ ಕಲಿಯಲು ಸೇನ್ 1910ರಲ್ಲಿ ಇಂಗ್ಲೆಂಡಿನ ಲೀಡ್ಸಿಗೆ ಹೋದ. 1913ರಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಪದವಿ ಪಡೆದು, ಅದೇ ಊರಿನ ನಗರಸಭೆಯ ವಿದ್ಯುತ್ ದೀಪ ಸ್ಥಾವರದಲ್ಲಿ ಸಹಾಯಕ ಇಂಜಿನಿಯರ್ ಆದ. ಲೀಡ್ಸಿನ ದೀಪ ಉರಿಸುವವರಲ್ಲಿ ಅವನೂ ಒಬ್ಬನಾದ.

ಮೊದಲ ಮಹಾಯುದ್ಧ ಶುರುವಾದಾಗ, 1914ರ ಸೆಪ್ಟೆಂಬರಿನಲ್ಲಿ, ಆ ಊರಿನ ಗುಮಾಸ್ತರು, ವಿದ್ಯಾರ್ಥಿಗಳು ಒಟ್ಟಾಗಿ ‘ಲೀಡ್ಸ್ ಪಾಲ್ಸ್’ ಎಂಬ ದಳಕ್ಕೆ ಸೇರಿದರು. ಒಂದೇ ಊರಿನ ಗೆಳೆಯರು ಒಂದೇ ದಳದಲ್ಲಿ ಇರಬಹುದು ಎಂಬ ಭರವಸೆ ಸರ್ಕಾರದ್ದು. ಸೇನ್ ಕೂಡ ಹೋಗಿ ಹೆಸರು ಬರೆಸಿದ. ಆ ಬೆಟಾಲಿಯನ್ನಿನಲ್ಲಿ ಬಿಳಿಯನಲ್ಲದವನು ಅವನೊಬ್ಬನೇ. ಅವನಷ್ಟು ಓದಿದವರು ಅಲ್ಲಿ ಹೆಚ್ಚಿರಲಿಲ್ಲ. ಆದರೆ ಅಧಿಕಾರಿಯಾಗಲು ಶುದ್ಧ ಯೂರೋಪಿಯನ್ ವಂಶದವನಾಗಿರಬೇಕು ಎಂಬುದು ಆಗಿನ ಬ್ರಿಟಿಷ್ ಸೈನ್ಯದ ನಿಯಮ. ಪದವೀಧರ ಇಂಜಿನಿಯರ್ ಸೇನ್ ಕೊನೆಯವರೆಗೂ ಪ್ರೈವೇಟ್, ಅಂದರೆ ಕಟ್ಟಕಡೆಯ ಸಿಪಾಯಿ. ಇದನ್ನು ಓದುವಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ. ಪ್ರಾಣ ಕೊಡಲು ಬೇಡವೆನ್ನದ ಸೈನ್ಯ, ತೋಳಿಗೆ ಒಂದು ಪಟ್ಟಿ ಕೊಡಲು ಅವನ ವಂಶ ಕೇಳಿತು!

ಈಜಿಪ್ಟಿನಲ್ಲಿ ಸೂಯೆಜ್ ಕಾಲುವೆ ಕಾದು, 1916ರ ವಸಂತದಲ್ಲಿ ದಳ ಫ್ರಾನ್ಸಿನ ಸೊಮ್ ಪ್ರದೇಶಕ್ಕೆ ಬಂತು. ಕಂದಕದ ಮುಂದೆ ಮುಳ್ಳುತಂತಿ ಕಟ್ಟುವ ಕೆಲಸ ಅಲ್ಲಿ ರಾತ್ರಿಯಲ್ಲೇ ಆಗಬೇಕು. ಗೂಟ ಹೊಡೆದು, ಸುರುಳಿ ಬಿಚ್ಚಿ ಎಳೆಯುವವನಿಗೆ ಬಚ್ಚಿಟ್ಟುಕೊಳ್ಳಲು ಜಾಗವಿಲ್ಲ. ಮೇ 22ರ ರಾತ್ರಿ ಆ ತಂಡದಲ್ಲಿ ಸೇನ್ ಇದ್ದ. ಷೆಲ್ ದಾಳಿ ಶುರುವಾಯಿತು. ಚೂರೊಂದು ಮೊದಲು ಕಾಲಿಗೆ ಬಡಿಯಿತು, ಆಮೇಲೆ ಇನ್ನೊಂದು ಕುತ್ತಿಗೆಗೆ. ಅವನಿಗೆ 28 ವರ್ಷ. ಕೊಲಾಂಕಾಂಪ್ ಊರಿನ ಬಳಿಯ ಸೈನಿಕರ ಸ್ಮಶಾನದಲ್ಲಿ ಮಣ್ಣು ಮಾಡಿದರು. ಮೈಮೇಲಿದ್ದ ಸಾಮಾನು, ಆ ಕನ್ನಡಕವೂ ಸೇರಿ, ಊರಿಗೆ ಬಂತು.

ಆ ಯುದ್ಧಕ್ಕೆ ಹೋದ 13 ಲಕ್ಷ ಭಾರತೀಯರ ಮಾತು ಬಂದಾಗ ಸೇನನನ್ನೂ ಅವರ ಜೊತೆ ಸೇರಿಸುವುದುಂಟು. ಅದು ನನಗೆ ಒಪ್ಪಿಗೆಯಿಲ್ಲ. ನಮ್ಮ ಮೈಸೂರು ಲ್ಯಾನ್ಸರ್ಸ್ ಕೂಡ ಸಂಸ್ಥಾನದ ಸೈನ್ಯವಾಗಿ ಇಲ್ಲಿಂದ ಹೋದದ್ದು. ಇವನನ್ನು ಯಾವ ರಾಜನೂ ಕಳಿಸಲಿಲ್ಲ. ಹುಟ್ಟೂರು ಚಂದನನಗರ ಬ್ರಿಟಿಷರ ಆಳ್ವಿಕೆಯದೂ ಅಲ್ಲ. ಬದುಕು ಕಟ್ಟಿಕೊಂಡ ಊರಿನವರು ಹೊರಟಾಗ ತಾನೂ ಹೊರಟ. ಅವನನ್ನು ಲೀಡ್ಸಿನವನೆಂದೇ ನೆನೆಯಬೇಕು.

ಲೀಡ್ಸ್ ವಿಶ್ವವಿದ್ಯಾಲಯದ ಯುದ್ಧಸ್ಮಾರಕದಲ್ಲಿ ಸಹಪಾಠಿಗಳ ನಡುವೆ ಅವನ ಹೆಸರಿದೆ. ಆದರೂ ಅವನು ಯಾರೆಂಬುದು ಬಹುಕಾಲ ಮರೆತೇಹೋಗಿತ್ತು. ಹೇಳಬೇಕಾದವರು ಉಳಿಯಬೇಕಲ್ಲ? ಅವನು ಸತ್ತು ಆರು ವಾರ ತುಂಬುವ ಮೊದಲೇ, ಜುಲೈ 1ರಂದು, ಸೆರ್ ಎಂಬ ಹಳ್ಳಿಯ ಮುಂದೆ ಲೀಡ್ಸ್ ಪಾಲ್ಸ್ ದಳ ಒಂದೇ ಬೆಳಿಗ್ಗೆ ಛಿದ್ರವಾಯಿತು.